ಬಿಸಿಲಿಗೂ ಮಳೆಗೂ ಒಂದೇ ಹೊದಿಕೆ



2024ರ ಮೇ 30ರಂದು ನಾಗಪುರದ ಒಂದು ಸ್ವಯಂಚಾಲಿತ ಹವಾಮಾನ ಕೇಂದ್ರ 56 ಡಿಗ್ರಿ ಉಷ್ಣಾಂಶ ತೋರಿಸಿತು. ಸುದ್ದಿ ದೇಶಕ್ಕೆಲ್ಲ ಹಬ್ಬಿತು. ಹವಾಮಾನ ಇಲಾಖೆಯವರು ಪರೀಕ್ಷಿಸಿ ನೋಡಿ, ಅದು ಉಪಕರಣದ ದೋಷ ಎಂದರು. ಸರಿಯಾಗಿದ್ದ ಕೇಂದ್ರಗಳು 44ರ ಆಸುಪಾಸಿನಲ್ಲಿದ್ದವು. ಗಾಳಿಯ ಮಟ್ಟಿಗೆ ಆ ಅಂಕಿ ತಪ್ಪು, ನಿಜ. ಆದರೆ ಅದೇ ಮಧ್ಯಾಹ್ನ ಅಲ್ಲಿನ ಯಾವುದಾದರೊಂದು ಸಪಾಟು ತಾರಸಿಯ ಮೇಲೆ ಉಷ್ಣಮಾಪಕ ಇಟ್ಟಿದ್ದರೆ ಅದು 56ಕ್ಕೆ ನಿಲ್ಲುತ್ತಿರಲಿಲ್ಲ. ಹವಾಮಾನದವರು ಅಳೆಯುವುದು ನೆರಳಿನಲ್ಲಿರುವ ಗಾಳಿಯನ್ನು. ಇಡೀ ದಿನ ಬಿಸಿಲಿಗೆ ಮೈಯೊಡ್ಡಿ, ಪಾಚಿಗಟ್ಟಿ ಕಪ್ಪಾದ ಕಾಂಕ್ರೀಟು ವಿದರ್ಭದ ಮೇ ತಿಂಗಳಲ್ಲಿ 60 ಡಿಗ್ರಿ ದಾಟುವುದು ದಿನನಿತ್ಯದ ಸಂಗತಿ. ಅದರ ಕೆಳಗೆ ಕೂತು ಕೆಲಸ ಮಾಡುವವರಿಗೆ ಇದನ್ನು ಯಾರೂ ಅಳೆದು ಹೇಳಬೇಕಾಗಿಲ್ಲ.

ನಾನು ಕಟ್ಟಡಗಳ ಕೆಲಸದವನು. ಕಟ್ಟುವುದಕ್ಕಿಂತ ಕಟ್ಟಿದ್ದನ್ನು ಕಾಪಾಡುವ ಕೆಲಸವೇ ಹೆಚ್ಚು. ನಾಗಪುರದ ಪಶ್ಚಿಮಕ್ಕೆ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಕಳಮೇಶ್ವರದ ಕಟ್ಟಡಗಳನ್ನು ಮುಂದಿಟ್ಟುಕೊಂಡು, ಸಪಾಟು ಚಾವಣಿಗಳ ಮೇಲೆ ಸಿಂಪಡಿಸುವ ಪಾಲಿಯುರೆಥೇನ್ ನೊರೆಯ ಬಗ್ಗೆ ಈ ಹೊತ್ತು ಮಾತಾಡುತ್ತೇನೆ. ಅಲ್ಲಿನ ಕೆಲಸಗಾರರು ಇದನ್ನು 'ಪಫ್' ಅನ್ನುತ್ತಾರೆ. ಕಲಬುರಗಿ, ರಾಯಚೂರು, ಬಳ್ಳಾರಿ, ವಿಜಯಪುರಗಳ ಬಿಸಿಲೂ ನಾಗಪುರದ ಬಿಸಿಲಿಗೆ ಬಹಳ ಹಿಂದೇನೂ ಇಲ್ಲ. ಆದ್ದರಿಂದ ಅಲ್ಲಿನ ಮಾತು ಇಲ್ಲಿಗೂ ಸಲ್ಲುತ್ತದೆ.

ಕಳಮೇಶ್ವರ ಸಣ್ಣ ತಾಲ್ಲೂಕು ಕೇಂದ್ರ. ನಾಗಪುರದಿಂದ ಇಟಾರ್ಸಿಗೆ ಹೋಗುವ ರೈಲು ದಾರಿ ಊರನ್ನು ಹಾದು ಕಾಟೋಲಿನ ಕಡೆಗೆ ಸಾಗುತ್ತದೆ. ಸುತ್ತಲೂ ಕಪ್ಪು ಎರೆಯ ಹೊಲಗಳು, ಹತ್ತಿ, ನಾಗಪುರದ ಹೆಸರಿನಲ್ಲಿ ಮಾರಾಟವಾಗುವ ಕಿತ್ತಳೆಯ ತೋಟಗಳು. ಊರಿಗೆ ಅಂಟಿಕೊಂಡೇ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ಪ್ರದೇಶ, ಎಲ್ಲರ ಬಾಯಲ್ಲಿ 'ಎಮ್‌ಐಡಿಸಿ'. ಅಲ್ಲಿನ ದೊಡ್ಡ ಕಾರ್ಖಾನೆಯಲ್ಲಿ ತಯಾರಾಗುವುದು ಸತು ಲೇಪಿಸಿದ, ಬಣ್ಣ ಬಳಿದ ಉಕ್ಕಿನ ತಗಡು. ಮೊದಲು ಅದು ಇಸ್ಪಾತ್ ಸಂಸ್ಥೆಯದಾಗಿತ್ತು. ಆ ಸಂಸ್ಥೆ 2010ರ ಕೊನೆಯಲ್ಲಿ ನಮ್ಮ ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕೈಗೆ ಬಂತು. ದೇಶದ ಎಷ್ಟೋ ಶೆಡ್ಡುಗಳ ಚಾವಣಿ ಈ ಊರಿನಿಂದ ಹೋಗುತ್ತದೆ. ಆದರೆ ಕೈಗಾರಿಕಾ ಪ್ರದೇಶವೆಂದರೆ ಬರೀ ಇಳಿಜಾರಿನ ತಗಡು ಶೆಡ್ಡಲ್ಲ. ಕಚೇರಿ, ಪ್ರಯೋಗಾಲಯ, ಕ್ಯಾಂಟೀನು, ವಿದ್ಯುತ್ ಪ್ಯಾನೆಲ್ಲಿನ ಕೋಣೆ, ಹಣ್ಣಿನ ಶೀತಲಗೃಹ, ರಸ್ತೆ ಬದಿಯ ಆಸ್ಪತ್ರೆ, ಬ್ಯಾಂಕು, ಅಂಗಡಿ ಸಾಲು, ಇವೆಲ್ಲ ಕಾಂಕ್ರೀಟಿನ ಸಪಾಟು ತಾರಸಿಗಳು. ನನ್ನ ಮಾತು ಈ ತಾರಸಿಗಳದ್ದು.

ಇಂಥ ಕಟ್ಟಡದ ಮಾಲೀಕರಿಂದ ಎರಡು ಬಗೆಯ ಕರೆ ಬರುತ್ತದೆ. ಏಪ್ರಿಲ್‌ನಲ್ಲಿ ಕರೆದವರು 'ಏಸಿ ಎಷ್ಟು ಹಾಕಿದರೂ ತಂಪಾಗುತ್ತಿಲ್ಲ, ಕರೆಂಟು ಬಿಲ್ಲು ಏರುತ್ತಿದೆ' ಅನ್ನುತ್ತಾರೆ. ಜುಲೈನಲ್ಲಿ ಕರೆದವರು 'ಮೂಲೆಯಲ್ಲಿ ಸೋರುತ್ತಿದೆ' ಅನ್ನುತ್ತಾರೆ. ಬಿಸಿಲಿನ ಕರೆಗೆ ಇನ್ನೊಂದು ಏಸಿ, ಸೋರಿಕೆಯ ಕರೆಗೆ ಟಾರು ಇಲ್ಲವೇ ಪುಟ್ಟಿ, ಹೀಗೆ ಬೇರೆ ಬೇರೆ ಜನ ಬಂದು ಬೇರೆ ಬೇರೆ ಮದ್ದು ಮಾಡಿ ಹೋಗುತ್ತಾರೆ. ನಾನು ಈ ಹೊತ್ತು ಒತ್ತಿ ಹೇಳಬೇಕೆಂದಿರುವುದು ಇದನ್ನೇ: ಇವು ಎರಡು ಕಾಯಿಲೆಗಳಲ್ಲ. ಜುಲೈನಲ್ಲಿ ಸೋರುವ ಬಿರುಕು ಹುಟ್ಟಿದ್ದು ಏಪ್ರಿಲ್, ಮೇ ತಿಂಗಳಲ್ಲಿ.

ಹೇಗೆಂದು ನೋಡಿ. ಕಾಂಕ್ರೀಟು ಬಿಸಿಯಾದರೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಹತ್ತು ಪಾಲು, ಅಷ್ಟೇ. ಕೇಳುವುದಕ್ಕೆ ಏನೂ ಅಲ್ಲ. ಆದರೆ 30 ಮೀಟರ್ ಉದ್ದದ ಸ್ಲ್ಯಾಬು ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ನಡುವೆ 30 ಡಿಗ್ರಿ ಏರಿತೆಂದರೆ ಅದರ ಉದ್ದ 9 ಮಿಲಿಮೀಟರ್ ಬೆಳೆಯುತ್ತದೆ. ರಾತ್ರಿ ಅಷ್ಟೇ ಮರಳುತ್ತದೆ. ದಿನಾ ಹೋಗಿ ಬರುವ ಈ 9 ಮಿಲಿಮೀಟರನ್ನು ಯಾರು ತಾಳಿಕೊಳ್ಳಬೇಕು? ಕೆಳಗಿನ ಗೋಡೆ ಅಷ್ಟು ಬಿಸಿಯಾಗಿರುವುದಿಲ್ಲ, ಅದು ಅಲುಗುವುದಿಲ್ಲ. ಹಾಗಾಗಿ ಸ್ಲ್ಯಾಬೂ ಪ್ಯಾರಾಪೆಟ್ ಗೋಡೆಯೂ ಸೇರುವ ಮೂಲೆಯಲ್ಲಿ, ನೀರಿನ ಪೈಪು ಸ್ಲ್ಯಾಬನ್ನು ತೂರಿ ಇಳಿಯುವ ಜಾಗದಲ್ಲಿ, ಹಳೆಯ ಕಾಂಕ್ರೀಟಿಗೆ ಹೊಸದನ್ನು ಕೂಡಿಸಿದ ಕಡೆ ಕೂದಲೆಳೆಯ ಬಿರುಕು ಬಿಡುತ್ತದೆ. ಜೂನಿನ ಮೊದಲ ಮಳೆ ಸುಡುವ ತಾರಸಿಯ ಮೇಲೆ ಒಮ್ಮೆಲೇ ಬಿದ್ದಾಗ ಮೇಲ್ಮೈ ಗಬಕ್ಕನೆ ಕುಗ್ಗುತ್ತದೆ. ಕೂದಲೆಳೆ ಬಾಯಿ ತೆರೆಯುತ್ತದೆ. ಅಲ್ಲಿಂದ ಮುಂದೆ ನೀರು ಕಂಬಿಯವರೆಗೆ ಇಳಿದು, ಕಂಬಿ ತುಕ್ಕು ಹಿಡಿದು ಉಬ್ಬಿ, ಕೆಳಗಿನ ಕಾಂಕ್ರೀಟು ಹೊಪ್ಪಳಿಕೆಯಾಗಿ ಉದುರುವುದು ಕಾಲದ ಮಾತು.

ಆದ್ದರಿಂದ ಸ್ಲ್ಯಾಬಿನ ಕೆಳಗೆ ಥರ್ಮೋಕೋಲ್ ಅಂಟಿಸಿ ಸುಳ್ಳು ಚಾವಣಿ ಕಟ್ಟುವುದನ್ನು ನಾನು ಅರ್ಧ ಮದ್ದು ಅನ್ನುತ್ತೇನೆ. ಕೋಣೆಯೊಳಗಿನವರಿಗೆ ತುಸು ತಂಪು ಸಿಗುತ್ತದೆ, ಆದರೆ ಸ್ಲ್ಯಾಬು ಮೊದಲಿಗಿಂತ ಹೆಚ್ಚು ಕಾಯುತ್ತದೆ, ಹೆಚ್ಚು ಹಿಗ್ಗುತ್ತದೆ, ಹೆಚ್ಚು ಬಿರಿಯುತ್ತದೆ. ಶಾಖವನ್ನು ತಡೆಯುವ ಹೊದಿಕೆ ಸ್ಲ್ಯಾಬಿನ ಮೇಲೆ ಇರಬೇಕು. ಬಿಸಿಲು ಸ್ಲ್ಯಾಬನ್ನು ಮುಟ್ಟಲೇಬಾರದು.

ನಮ್ಮ ಬಯಲುಸೀಮೆಯ ಹಿರಿಯರಿಗೆ ಇದು ಗೊತ್ತಿತ್ತು. ವಿಜಯಪುರ, ರಾಯಚೂರು ಕಡೆಯ ಮಾಳಿಗೆ ಮನೆಗಳನ್ನು ನೋಡಿದವರಿಗೆ ನೆನಪಿರಬಹುದು. ತೊಲೆ, ಜಂತಿ, ಅದರ ಮೇಲೆ ಸೀಳು ಕಟ್ಟಿಗೆ ಇಲ್ಲವೇ ಕಲ್ಲು ಚಪ್ಪಡಿ, ಅದರ ಮೇಲೆ ಒಂದಡಿಗೂ ಹೆಚ್ಚು ಮಣ್ಣು. ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ತಂದು ಹರಡಿ, ತುಳಿದು, ಬಡಿದು ಬಿಗಿ ಮಾಡುತ್ತಿದ್ದರು. ಸವಳು ಮಣ್ಣಿನ ನುಣ್ಣನೆಯ ಕಣ ನೀರಿನಲ್ಲಿ ಕರಗಿ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಬಿಸಿಲಿಗೂ ಮಳೆಗೂ ಅದೊಂದೇ ಹೊದಿಕೆ. ಆದರೆ ಅದರ ಭಾರ ಬಹಳ, ಚದರ ಮೀಟರಿಗೆ ಐದುನೂರು ಕಿಲೋ ಹತ್ತಿರ ಹೋಗುತ್ತದೆ. ಎರಡು ಮೂರು ಅಡಿ ದಪ್ಪದ ಕಲ್ಲು ಗೋಡೆಗಳು ಅದನ್ನು ಹೊರುತ್ತಿದ್ದವು. ಇನ್ನು ಬೆಂಗಳೂರು, ಮೈಸೂರು ಕಡೆಯ ಮದ್ರಾಸ್ ತಾರಸಿಯಲ್ಲಿ ತೇಗದ ಜಂತಿಯ ಮೇಲೆ ಇಟ್ಟಿಗೆ ನಿಲ್ಲಿಸಿ, ಇಟ್ಟಿಗೆ ಜಲ್ಲಿಯನ್ನು ಸುಣ್ಣದ ಗಾರೆಯಲ್ಲಿ ಕಲಸಿ ಹಾಕಿ, ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ನೀರು ಚಿಮುಕಿಸುತ್ತಿದ್ದರು. ಆ ತಾಳ್ಮೆ, ಆ ಕೂಲಿ, ಆ ಕೈಗಳು ಈಗ ಸಿಗುವುದು ಕಷ್ಟ.

ಮಹಾರಾಷ್ಟ್ರದಲ್ಲಿ ಈ ಜಾಗ ತುಂಬಿದ್ದು 'ಬ್ರಿಕ್ ಬ್ಯಾಟ್ ಕೋಬಾ'. ಒಡೆದ ಇಟ್ಟಿಗೆ ಚೂರುಗಳನ್ನು ವಾಟಕ್ಕೆ ತಕ್ಕಂತೆ ಜೋಡಿಸಿ, ಸಂದಿಗೆ ಸಿಮೆಂಟು ಗಾರೆ ತುಂಬಿ, ಮೇಲೆ ನುಣುಪಾಗಿ ಒರೆಸಿ ಗೆರೆ ಎಳೆಯುತ್ತಾರೆ. ಹೊಸದರಲ್ಲಿ ಚೆನ್ನಾಗಿಯೇ ಇರುತ್ತದೆ. ಆದರೆ ಬಿಸಿಲಿಗೆ ಅದೂ ಹಿಗ್ಗುತ್ತದೆ, ಬಿರಿಯುತ್ತದೆ. ಬಿರುಕಿನಿಂದ ಇಳಿದ ನೀರು ಇಟ್ಟಿಗೆಯ ಚೂರುಗಳಲ್ಲಿ ಸೇರಿಕೊಂಡು ವರ್ಷವಿಡೀ ಅಲ್ಲೇ ಕೂರುತ್ತದೆ. ನೀರು ಒಂದು ಕಡೆ ಒಳಹೊಕ್ಕು ಮತ್ತೊಂದು ಕಡೆ ಇಳಿಯುವುದರಿಂದ ಸೋರುವ ಜಾಗ ಹುಡುಕುವುದೇ ಕಷ್ಟ. ಆಗ ಜನ ಮಾಡುವುದು, ಹಳೆಯದರ ಮೇಲೆ ಇನ್ನೊಂದು ಕೋಬಾ. ಒಂದು ಪದರಕ್ಕೆ ಚದರ ಮೀಟರಿಗೆ ಇನ್ನೂರು ಕಿಲೋ ಸುಮಾರು. ಸಾವಿರ ಚದರ ಮೀಟರಿನ ತಾರಸಿಯ ಮೇಲೆ ಇನ್ನೂರು ಟನ್. ನಮ್ಮ ಕಲಬುರಗಿ ಕಡೆಯ ಮೇಸ್ತ್ರಿಯೊಬ್ಬರು ಅಲ್ಲಿ ಕೆಲಸ ಮಾಡುತ್ತಿದ್ದವರು, ಮೂರನೆಯ ಕೋಬಾಕ್ಕೆ ತಯಾರಿ ನಡೆದಿದ್ದ ತಾರಸಿಯ ಮೇಲೆ ನಿಂತು, 'ಸಾಹೇಬ್ರ, ಸ್ಲ್ಯಾಬ್ ಕಟ್ಟಿದಾಂವ ಈ ಭಾರದ ಲೆಕ್ಕ ಹಾಕಿದ್ನೋ ಇಲ್ಲೋ ಯಾರಿಗ್ ಗೊತ್ರಿ?' ಎಂದರು. ಅವರು ಕೇಳಿದ್ದು ಸರಿಯಾದ ಪ್ರಶ್ನೆ.

ಈಗ ನೊರೆಯ ವಿಷಯಕ್ಕೆ ಬರೋಣ. 1937ರಲ್ಲಿ ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಆಟೋ ಬೇಯರ್ ಎಂಬ ರಸಾಯನ ವಿಜ್ಞಾನಿ ಐಸೋಸಯನೇಟನ್ನೂ ಪಾಲಿಯಾಲನ್ನೂ ಕೂಡಿಸಿ ಪಾಲಿಯುರೆಥೇನ್ ಮಾಡಿದ. ನಿಮ್ಮ ಮನೆಯ ಫ್ರಿಜ್ಜಿನ ಗೋಡೆಯೊಳಗೆ ತುಂಬಿರುವುದೂ ಅದರ ನೊರೆಯೇ. ಕಳಮೇಶ್ವರ, ಕಾಟೋಲಿನ ಕಿತ್ತಳೆ ಇಡುವ ಶೀತಲಗೃಹಗಳ ಪ್ಯಾನೆಲ್ಲುಗಳೊಳಗೂ ಅದೇ. ಇದನ್ನೇ ಜಾಗದಲ್ಲೇ ಬೆರೆಸಿ ಚಾವಣಿಯ ಮೇಲೆ ಸಿಂಪಡಿಸುವ ಪದ್ಧತಿ ಅಮೆರಿಕದಲ್ಲಿ 1960ರ ದಶಕದಲ್ಲಿ ಬೆಳೆಯಿತು. 2005ರ ಆಗಸ್ಟಿನಲ್ಲಿ ಕತ್ರೀನಾ ಚಂಡಮಾರುತ ನ್ಯೂ ಆರ್ಲಿಯನ್ಸಿನ ಸೂಪರ್‌ಡೋಮ್ ಕ್ರೀಡಾಂಗಣದ ಚಾವಣಿಯ ಹೊದಿಕೆಯನ್ನು ಕಿತ್ತೆಸೆದ ಮೇಲೆ, ಹತ್ತು ಎಕರೆ ಹತ್ತಿರದ ಆ ಚಾವಣಿಗೆ 2006ರಲ್ಲಿ ಈ ನೊರೆಯನ್ನೇ ಸಿಂಪಡಿಸಿ ಮತ್ತೆ ಹೊದಿಸಿದರು. ಗಾಳಿ ಎತ್ತಿ ಹಿಡಿಯಲು ಇದರಲ್ಲಿ ಅಂಚಿಲ್ಲ, ಕೂಡಿಸಿದ ಜಾಗವಿಲ್ಲ; ಮೈಗೆ ಮೈ ಅಂಟಿಕೊಂಡಿರುತ್ತದೆ.

ಕೆಲಸ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಕೆಳಗೆ ಲಾರಿಯಲ್ಲಿ ಎರಡು ಡ್ರಮ್ಮು. ಒಂದರಲ್ಲಿ ಕಂದು ಬಣ್ಣದ ಐಸೋಸಯನೇಟ್, ಇನ್ನೊಂದರಲ್ಲಿ ಪಾಲಿಯಾಲ್ ಮಿಶ್ರಣ. ನೊರೆ ಉಬ್ಬಿಸುವ ದ್ರವ, ವೇಗವರ್ಧಕ, ಬೆಂಕಿ ತಡೆಯುವ ರಾಸಾಯನಿಕ ಎಲ್ಲ ಇದರಲ್ಲೇ ಸೇರಿರುತ್ತವೆ. ಯಂತ್ರ ಎರಡನ್ನೂ ಐವತ್ತು ಡಿಗ್ರಿ ಸುಮಾರಿಗೆ ಕಾಯಿಸಿ, ಸರಿಸಮ ಅಳತೆಯಲ್ಲಿ, ಬೇರೆ ಬೇರೆ ಕೊಳವೆಗಳಲ್ಲಿ ಭಾರೀ ಒತ್ತಡದಿಂದ ತಾರಸಿಗೆ ಏರಿಸುತ್ತದೆ. ಅವು ಒಂದನ್ನೊಂದು ಮುಟ್ಟುವುದು ಸ್ಪ್ರೇ ಗನ್ನಿನ ಬಾಯಲ್ಲಿ ಮಾತ್ರ. ಕೆಲಸಗಾರ ಗನ್ನನ್ನು ಎಡಕ್ಕೂ ಬಲಕ್ಕೂ ಒಂದೇ ಹದದಲ್ಲಿ ಬೀಸುತ್ತ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾನೆ. ನೆಲಕ್ಕೆ ಬೀಳುವುದು ತೆಳ್ಳನೆಯ ದ್ರವ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಒಲೆಯ ಮೇಲಿನ ಹಾಲು ಉಕ್ಕಿದ ಹಾಗೆ ಏರಿ, ಇಪ್ಪತ್ತೈದು ಪಟ್ಟು ಉಬ್ಬಿ, ಕೆಲವೇ ನಿಮಿಷದಲ್ಲಿ ನಡೆಯುವಷ್ಟು ಗಟ್ಟಿಯಾಗುತ್ತದೆ. ಪ್ಯಾರಾಪೆಟ್ಟಿನ ಮೂಲೆ, ಪೈಪಿನ ಬುಡ, ಏಸಿಯ ಕಟ್ಟೆ ಎಲ್ಲವನ್ನೂ ಸುತ್ತುವರಿದು ಒಂದೇ ತುಂಡಾಗಿ ನಿಲ್ಲುತ್ತದೆ.

ಒಂದೇ ಸಲಕ್ಕೆ ಎರಡು ಇಂಚು ಉಬ್ಬಿಸುವ ಆಸೆ ಕೂಡದು. ಈ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ. ದಪ್ಪ ಹೆಚ್ಚಾದರೆ ಒಳಗಿನ ಬಿಸಿ ಹೊರಹೋಗದೆ ತಿರುಳು ಕಂದುಗಟ್ಟುತ್ತದೆ, ಕೆಲವೊಮ್ಮೆ ಹೊತ್ತಿಕೊಳ್ಳುವುದೂ ಉಂಟು. ಅರ್ಧದಿಂದ ಒಂದೂವರೆ ಇಂಚಿನ ಪದರಗಳಲ್ಲಿ ಏರಿಸಬೇಕು. ಅಳತೆ ತಪ್ಪಿ ಐಸೋಸಯನೇಟ್ ಹೆಚ್ಚಾದರೆ ನೊರೆ ಗಾಜಿನಂತೆ ಪುಡಿಯಾಗುತ್ತದೆ, ಪಾಲಿಯಾಲ್ ಹೆಚ್ಚಾದರೆ ಮೆತ್ತಗೆ ಕುಗ್ಗುತ್ತದೆ. ಮೇಲ್ನೋಟಕ್ಕೆ ಎರಡೂ ಚೆನ್ನಾಗಿಯೇ ಕಾಣುತ್ತವೆ. ಅಲ್ಲಲ್ಲಿ ಸಣ್ಣ ತುಂಡು ಕೊರೆದು ತೆಗೆದು, ಪದರಗಳು ಒಂದಕ್ಕೊಂದು ಕಚ್ಚಿಕೊಂಡಿವೆಯೇ, ಕಾಂಕ್ರೀಟಿಗೆ ಅಂಟಿದೆಯೇ ಎಂದು ಬೆರಳಿನಿಂದ ಎಳೆದು ನೋಡಬೇಕು. ಹಾಗೆ ಕೊರೆಯಲು ಒಪ್ಪದ ಗುತ್ತಿಗೆದಾರನಿಗೆ ಕೆಲಸ ಕೊಡಬೇಡಿ.

ಚಾವಣಿಗೆ ಬೇಕಾದದ್ದು ಘನ ಮೀಟರಿಗೆ 40ರಿಂದ 48 ಕಿಲೋ ಸಾಂದ್ರತೆಯ, ಮುಚ್ಚಿದ ಗುಳ್ಳೆಗಳ ನೊರೆ. ಕಡಿಮೆ ಸಾಂದ್ರತೆಯದು ಅಗ್ಗ, ಆದರೆ ಕಾಲಿಟ್ಟರೆ ಕುಸಿಯುತ್ತದೆ. ಎರಡು ಇಂಚು ದಪ್ಪಕ್ಕೆ ಮೇಲಿನ ಲೇಪವನ್ನೂ ಸೇರಿಸಿ ಚದರ ಮೀಟರಿಗೆ ಮೂರು ನಾಲ್ಕು ಕಿಲೋ. ಕೋಬಾದ ಇನ್ನೂರು ಕಿಲೋದ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಶಾಖ ತಡೆಯುವ ಶಕ್ತಿಯೋ, ಎರಡು ಇಂಚು ನೊರೆಗೆ ಸಮನಾಗಬೇಕಾದರೆ ಹತ್ತು ಅಡಿ ದಪ್ಪದ ಕಾಂಕ್ರೀಟು ಬೇಕು. ಲೆಕ್ಕ ಹಾಕಿದರೆ, ಬರೀ ಆರು ಇಂಚಿನ ಸ್ಲ್ಯಾಬಿನಿಂದ ಒಳಗಿಳಿಯುತ್ತಿದ್ದ ಶಾಖದಲ್ಲಿ ಏಳರಲ್ಲಿ ಒಂದು ಪಾಲಿನಷ್ಟು ಮಾತ್ರ ಇಳಿಯುತ್ತದೆ. ಒಂದೇ ಮಹಡಿಯ ಕಟ್ಟಡಕ್ಕೆ, ಅದರಲ್ಲೂ ಒಳಗೆ ಆರೇಳು ಡಿಗ್ರಿ ಇರಬೇಕಾದ ಹಣ್ಣಿನ ಕೋಣೆಗೆ, ಇದು ಸಣ್ಣ ಮಾತಲ್ಲ. ಅಷ್ಟೇ ಮುಖ್ಯವಾದದ್ದು, ಕೆಳಗಿನ ಸ್ಲ್ಯಾಬು ಹಗಲಿರುಳು ಹೆಚ್ಚುಕಡಿಮೆ ಒಂದೇ ಉಷ್ಣಾಂಶದಲ್ಲಿ ಉಳಿಯುತ್ತದೆ. ನಾನು ಮೊದಲು ಹೇಳಿದ 9 ಮಿಲಿಮೀಟರಿನ ಓಡಾಟ ನಿಲ್ಲುತ್ತದೆ. ಹೊಸ ಬಿರುಕಿಗೆ ಕಾರಣವೇ ಹೋಗುತ್ತದೆ.

ಇಷ್ಟು ಹೊಗಳಿದ ಮೇಲೆ ಇದರ ಷರತ್ತುಗಳನ್ನು ಅಷ್ಟೇ ಬಿಚ್ಚಿ ಹೇಳಬೇಕು, ಏಕೆಂದರೆ ನೊರೆ ಕೆಟ್ಟಿರುವ ಕಡೆಯೆಲ್ಲ ಈ ಷರತ್ತುಗಳಲ್ಲಿ ಒಂದು ಮುರಿದಿರುತ್ತದೆ.

ಒದ್ದೆ ಸ್ಲ್ಯಾಬಿನ ಮೇಲೆ ನೊರೆ ಹೊಡೆಯಬಾರದು. ಐಸೋಸಯನೇಟಿಗೆ ನೀರು ಸಿಕ್ಕರೆ ಅದು ನೀರಿನೊಂದಿಗೇ ಕೂಡಿ ಅನಿಲ ಬಿಡುತ್ತದೆ, ಅಂಟುವುದಿಲ್ಲ. ಅಡಿಯಲ್ಲಿ ಉಳಿದ ತೇವ ಬೇಸಿಗೆಯಲ್ಲಿ ಆವಿಯಾಗಿ ಮೇಲಕ್ಕೆ ಒತ್ತಿ ಬೊಕ್ಕೆ ಏಳಿಸುತ್ತದೆ. ಇದನ್ನು ಪರೀಕ್ಷಿಸಲು ದೊಡ್ಡ ಉಪಕರಣ ಬೇಡ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ತಾರಸಿಯ ಮೇಲೆ ಹರಡಿ, ನಾಲ್ಕೂ ಅಂಚಿಗೆ ಬಿಗಿಯಾಗಿ ಟೇಪು ಅಂಟಿಸಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಬೆವರಿನ ಹನಿ ಕಂಡರೆ, ಅಥವಾ ಕೆಳಗಿನ ಕಾಂಕ್ರೀಟು ಕಪ್ಪಿಟ್ಟಿದ್ದರೆ, ಲಾರಿಯನ್ನು ವಾಪಸು ಕಳಿಸಿ. ನೀರು ಕುಡಿದ ಹಳೆಯ ಕೋಬಾ ಇದ್ದರೆ ಅದನ್ನು ಅಗೆದು ತೆಗೆಯಲೇಬೇಕು. ಖರ್ಚು ಉಳಿಸಲು ಅದರ ಮೇಲೆಯೇ ನೊರೆ ಹೊಡೆದವರು ಒದ್ದೆಯನ್ನು ಒಳಗೆ ಮುಚ್ಚಿಟ್ಟ ಹಾಗಾಯಿತು, ಕಂಬಿಗೆ ಅದಕ್ಕಿಂತ ಕೆಟ್ಟದ್ದು ಬೇರೆಯಿಲ್ಲ.

ವಾಟ ಮುಖ್ಯ. ನಾಗಪುರ ಭಾಗದಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಸಾವಿರ ಚದರ ಮೀಟರಿನ ತಾರಸಿಯ ಮೇಲೆ ಒಂದು ಮಳೆಗಾಲಕ್ಕೆ ಹತ್ತು ಲಕ್ಷ ಲೀಟರಿನ ಸುಮಾರು ನೀರು ಬೀಳುತ್ತದೆ. ನೊರೆಯನ್ನು ಕೆಲವು ಕಡೆ ದಪ್ಪವಾಗಿ ಹೊಡೆದು ತುಸು ವಾಟ ತಿದ್ದಬಹುದು, ಆದರೆ ಎರಡು ಪೈಪು ಇರಬೇಕಾದ ಕಡೆ ಒಂದೇ ಇದ್ದರೆ ನೊರೆ ಏನು ಮಾಡೀತು? ನೊರೆಯ ಮೇಲೆ ಬಳಿಯುವ ಅಕ್ರಿಲಿಕ್ ಲೇಪ ನಿಂತ ನೀರಿನಲ್ಲಿ ಮೆತ್ತಗಾಗುತ್ತದೆ. ಅಂಥ ಕಡೆ ಸಿಲಿಕೋನ್ ಲೇಪ ಬಾಳುತ್ತದೆ.

ಲೇಪವಿಲ್ಲದ ನೊರೆ ನೊರೆಯೇ ಅಲ್ಲ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಅದು ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಕೈಗೆ ಹತ್ತುವ ಪುಡಿ. ಹೊಡೆದ ಒಂದೆರಡು ದಿನದೊಳಗೆ ಬಿಳಿಯ ಲೇಪ ಬಳಿದು ಮುಗಿಸಬೇಕು, ಅದೂ ಎರಡು ಸಲ. ಬಲ್ಲವರು ಮೊದಲ ಸಲದ್ದನ್ನು ಬೂದು, ಎರಡನೆಯದನ್ನು ಬಿಳಿ ಬಳಿಯುತ್ತಾರೆ. ಎಲ್ಲಿ ಬೂದು ಇಣುಕುತ್ತದೋ ಅಲ್ಲಿ ಕೈ ತಪ್ಪಿದೆ ಎಂದು ದೂರದಿಂದಲೇ ತಿಳಿಯುತ್ತದೆ. ಹತ್ತರಿಂದ ಹದಿನೈದು ವರ್ಷಕ್ಕೊಮ್ಮೆ ಇದೇ ಲೇಪವನ್ನು ಮತ್ತೆ ಬಳಿಯಬೇಕು. ಹಾಗೆ ಬಳಿಯುತ್ತ ಹೋದರೆ ಕೆಳಗಿನ ನೊರೆಯನ್ನು ಕೀಳುವ ಪ್ರಸಂಗ ಬರುವುದಿಲ್ಲ. ಕೊರಾಡಿ, ಖಾಪರಖೇಡಾಗಳ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳಿರುವ, ಕಾರ್ಖಾನೆಗಳ ದೂಳಿರುವ ಜಿಲ್ಲೆಯಿದು. ಬಿಳಿ ಬಣ್ಣ ಬೇಗ ಮಾಸುತ್ತದೆ, ಮಾಸಿದಷ್ಟೂ ಬಿಸಿಲನ್ನು ಹಿಂದಕ್ಕೆ ಕಳಿಸುವ ಗುಣ ಕುಗ್ಗುತ್ತದೆ. ವರ್ಷಕ್ಕೊಮ್ಮೆ ತೊಳೆಯುವುದು ಒಳ್ಳೆಯದು.

ಕಾಗೆಗಳು ಕುಕ್ಕುತ್ತವೆ, ಕೋತಿಗಳು ಕೆರೆಯುತ್ತವೆ, ಎಲ್ಲಕ್ಕಿಂತ ಹೆಚ್ಚಾಗಿ ಏಸಿ ರಿಪೇರಿಯವರ ಸ್ಪ್ಯಾನರು ಬಿದ್ದು ಗುಳಿಯಾಗುತ್ತದೆ. ಮಾಗಿ ಕಳೆಯುವ ಹೊತ್ತಿಗೆ ವಿದರ್ಭದಲ್ಲಿ ಆಲಿಕಲ್ಲು ಬೀಳುವುದೂ ಉಂಟು. ಮುಚ್ಚಿದ ಗುಳ್ಳೆಯ ನೊರೆಯಾದ್ದರಿಂದ ಸಣ್ಣ ಗುಳಿ ಬಿದ್ದ ಕೂಡಲೇ ಸೋರುವುದಿಲ್ಲ, ಆದರೆ ಬಿಸಿಲು ಒಳಹೊಗುತ್ತದೆ. ಅಂಥ ಜಾಗಕ್ಕೆ ಸೀಲೆಂಟ್ ತುಂಬಿದರೆ ಸಾಕು. ಏಸಿಗೆ ಹೋಗಿ ಬರುವ ದಾರಿಗೆ ಮೊದಲೇ ಮರಳು ಬೆರೆಸಿದ ದಪ್ಪ ಲೇಪ ಹಾಕಿಸಿಬಿಡಿ.

ಇನ್ನು ಕೆಲಸಗಾರನ ವಿಷಯ. ಇದು ನನಗೆ ಎಲ್ಲಕ್ಕಿಂತ ಮುಖ್ಯ. ಕಳಮೇಶ್ವರವನ್ನು ಹಾದು ಹೋಗುವ ಅದೇ ರೈಲು ದಾರಿ ಇಟಾರ್ಸಿ ಮುಟ್ಟಿ ಮುಂದೆ ಭೋಪಾಲಕ್ಕೆ ಹೋಗುತ್ತದೆ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿನ ಅನಿಲ ದುರಂತದಲ್ಲಿ ಸೋರಿದ್ದು ಮೀಥೈಲ್ ಐಸೋಸಯನೇಟ್. ನೊರೆಗೆ ಬಳಸುವುದು ಅದಲ್ಲ, ಎಮ್‌ಡಿಐ ಎಂಬ ಬೇರೆ ಐಸೋಸಯನೇಟು. ಮೀಥೈಲ್ ಐಸೋಸಯನೇಟ್ 39 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ. ಎಮ್‌ಡಿಐ ಸಾಮಾನ್ಯ ಉಷ್ಣಾಂಶದಲ್ಲಿ ಬಹಳ ಕಡಿಮೆ ಆವಿಯಾಗುತ್ತದೆ. ಹಾಗೆಂದು ನಿರ್ಭಯವಾಗಿರುವಂತಿಲ್ಲ. ಗನ್ನಿನಿಂದ ಸಿಡಿಯುವಾಗ ಅದು ಮಂಜಾಗಿ ಗಾಳಿಯಲ್ಲಿ ತೇಲುತ್ತದೆ, ಉಸಿರಿನಲ್ಲಿ ಹೋಗುತ್ತದೆ. ಒಮ್ಮೆ ದೇಹ ಅದಕ್ಕೆ ಅಲರ್ಜಿ ಬೆಳೆಸಿಕೊಂಡರೆ ಮುಂದೆ ಚೂರು ತಾಕಿದರೂ ಉಬ್ಬಸ ಬರುತ್ತದೆ, ಆ ಮನುಷ್ಯ ಆ ಕೆಲಸವನ್ನೇ ಬಿಡಬೇಕಾಗುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹದಿಹರೆಯದ ಹುಡುಗರು ಸ್ಪ್ರೇ ಗನ್ ಹಿಡಿದಿರುವುದನ್ನು ಕಂಡಾಗ ಹೊಟ್ಟೆ ತೊಳಸುತ್ತದೆ. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖಗವಚ, ಮೈ ಮುಚ್ಚುವ ಉಡುಪು, ಕೈಗವಸು, ಕನ್ನಡಕ ಇಲ್ಲದೆ ಯಾರಿಗೂ ಗನ್ ಕೊಡಕೂಡದು. ಅದರ ಖರ್ಚನ್ನು ಟೆಂಡರಿನಲ್ಲೇ ಬೇರೆಯಾಗಿ ಬರೆಸಿ. ದರ ತಗ್ಗಿಸುವ ಭರದಲ್ಲಿ ಗುತ್ತಿಗೆದಾರ ಮೊದಲು ಕೈಬಿಡುವುದು ಅದನ್ನೇ. ಗಾಳಿ ಜೋರಿದ್ದ ದಿನ ಕೆಲಸ ಬೇಡ. ಆ ಮಂಜು ಪಕ್ಕದ ಕಂಪೌಂಡಿನ ಕಾರುಗಳ ಮೇಲೆ ಕೂತರೆ ಉಜ್ಜಿದರೂ ಹೋಗುವುದಿಲ್ಲ. ಏಸಿಗಳು ಹೊರಗಿನ ಗಾಳಿ ಎಳೆಯುವ ಕಿಂಡಿಗಳನ್ನೂ ಕೆಲಸ ನಡೆಯುವ ದಿನ ಮುಚ್ಚಿರಬೇಕು.

ಬೆಂಕಿಯನ್ನೂ ಮರೆಯುವಂತಿಲ್ಲ. ಪಾಲಿಯುರೆಥೇನ್ ಉರಿಯುತ್ತದೆ, ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡೂ ಹೈಡ್ರೋಜನ್ ಸಯನೈಡೂ ಇರುತ್ತವೆ. ಕಾಂಕ್ರೀಟು ಸ್ಲ್ಯಾಬಿನ ಮೇಲೆ, ಹೊರಗೆ, ಲೇಪದ ಅಡಿಯಲ್ಲಿರುವ ನೊರೆಗೂ ಒಳಗಿನ ಜನಕ್ಕೂ ನಡುವೆ ಆರು ಇಂಚು ಕಾಂಕ್ರೀಟಿರುತ್ತದೆ. ಆದರೆ ತಗಡಿನ ಶೆಡ್ಡಿನ ಒಳಮೈಗೆ ನೊರೆ ಹೊಡೆದು ಹಾಗೇ ಬತ್ತಲೆ ಬಿಡುವ ರೂಢಿ ನಮ್ಮಲ್ಲಿ ಬೆಳೆದಿದೆ. ಕೆಳಗೆ ವೆಲ್ಡಿಂಗ್ ನಡೆಯುವ ಶೆಡ್ಡು, ಮೇಲೆ ಬರಿಮೈಯ ನೊರೆ. ಇದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ನೊರೆಯ ಮೇಲೆ ಬೆಂಕಿ ತಡೆಯುವ ಹೊದಿಕೆ ಇರಲೇಬೇಕು, ಇಲ್ಲದಿದ್ದರೆ ನೊರೆ ಬೇಡ.

ನೊರೆ ಉಬ್ಬಿಸುವ ದ್ರವದ ಬಗ್ಗೆಯೂ ಒಂದು ಮಾತು. ಓಝೋನ್ ಪದರ ಕೆಡಿಸುವ ಎಚ್‌ಸಿಎಫ್‌ಸಿ-141ಬಿ ಎಂಬ ದ್ರವ ನಮ್ಮ ನೊರೆ ಉದ್ಯಮದಲ್ಲಿ ಬಹುಕಾಲ ನಡೆಯಿತು. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ ಸೇರಿದ್ದು 1992ರಲ್ಲಿ. ಅದರಂತೆ 2020ರ ಜನವರಿ 1ರಿಂದ ಈ ದ್ರವವನ್ನು ದೇಶ ಪೂರ್ತಿ ಕೈಬಿಟ್ಟಿದೆ. ಡ್ರಮ್ಮಿನ ಮೇಲಿನ ಚೀಟಿಯಲ್ಲಿ ಈಗ ಯಾವ ದ್ರವವಿದೆ ಎಂದು ಕೇಳುವುದು ಗ್ರಾಹಕರ ಹಕ್ಕು. ಸಿಂಪಡಿಸುವ ಪಾಲಿಯುರೆಥೇನಿಗೆ ಐಎಸ್ 12432 ಎಂಬ ಭಾರತೀಯ ಮಾನಕದ ಮೂರನೆಯ ಭಾಗವಿದೆ. ಕರಾರಿನಲ್ಲಿ ಅದನ್ನು ಹೆಸರಿಸಿ.

ಹಾಗಾದರೆ ಎಲ್ಲರೂ ಇದನ್ನೇ ಹಾಕಿಸಬೇಕೆ? ಇಲ್ಲ. ಎರಡು ಕೋಣೆಯ ಮನೆಗೆ, ಹಳ್ಳಿಯ ಶಾಲೆಗೆ ಇದು ದುಬಾರಿ. ಅಂಥವರು ಮೊದಲು ಬಿರುಕು ಮುಚ್ಚಿ, ವಾಟ ಸರಿಮಾಡಿ, ಬೇಸಿಗೆಗೆ ಮುಂಚೆ ಸುಣ್ಣವನ್ನೋ ಬಿಳಿಯ ತಂಪು ಬಣ್ಣವನ್ನೋ ಬಳಿಯಲಿ. ಕಡಿಮೆ ದುಡ್ಡಿನಲ್ಲಿ ಅಷ್ಟು ಪ್ರಯೋಜನ ಕೊಡುವುದು ಬೇರೊಂದಿಲ್ಲ. ನಾಗಪುರಕ್ಕೂ ಕಲಬುರಗಿಗೂ ನೆರೆಯಾದ ತೆಲಂಗಾಣ 2023ರಲ್ಲಿ ತಂಪು ಚಾವಣಿ ನೀತಿಯನ್ನೇ ತಂದು, ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿತು. ಅಂಥದ್ದು ಕಲ್ಯಾಣ ಕರ್ನಾಟಕಕ್ಕೂ ಬರಬೇಕೆಂದು ನನಗೆ ಬಲವಾಗಿ ಅನಿಸುತ್ತದೆ. ನೊರೆ ಸಲ್ಲುವುದು ಹಗಲಿಡೀ ಏಸಿ ಓಡುವ, ತಾರಸಿ ದೊಡ್ಡದಿರುವ, ಹಳೆಯ ಸ್ಲ್ಯಾಬಿಗೆ ಇನ್ನು ಭಾರ ಹೇರುವಂತಿಲ್ಲದ ಕಟ್ಟಡಕ್ಕೆ: ಆಸ್ಪತ್ರೆ, ಔಷಧಿ ಗೋದಾಮು, ಶೀತಲಗೃಹ, ಕಾರ್ಖಾನೆಯ ಕಚೇರಿ. ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಮಾಲೀಕರೂ ಇದನ್ನು ಯೋಚಿಸಬಹುದು.

ಕೆಲಸಕ್ಕೆ ಕಾಲ ಯಾವುದೆಂದು ಕೇಳುವವರಿಗೆ ಇಷ್ಟು ಹೇಳಿ ಮುಗಿಸುತ್ತೇನೆ. ಮಳೆ ನಿಂತು ತಾರಸಿ ಚೆನ್ನಾಗಿ ಒಣಗಲು ದೀಪಾವಳಿಯವರೆಗೆ ಕಾಯಿರಿ. ಚಳಿಗಾಲದ ಬೆಳಗಿನಲ್ಲಿ ಇಬ್ಬನಿ ಇರುತ್ತದೆ, ಹತ್ತು ಗಂಟೆಗೆ ಮುಂಚೆ ಗನ್ ಹಿಡಿಯಬೇಡಿ. ಹೋಳಿ ಹುಣ್ಣಿಮೆಗೆ ಮುಂಚೆ ಲೇಪವೂ ಮುಗಿದಿರಲಿ. ಮೇ ತಿಂಗಳಲ್ಲಿ ಒಮ್ಮೆ, ಮೊದಲ ಮಳೆ ಬಿದ್ದ ಮಾರನೆಯ ದಿನ ಒಮ್ಮೆ, ಕಟ್ಟಡದ ಜವಾಬ್ದಾರಿ ಹೊತ್ತವರು ತಾವೇ ಏಣಿ ಹತ್ತಿ ಪ್ಯಾರಾಪೆಟ್ಟಿನ ಮೂಲೆಗಳನ್ನೂ ಪೈಪುಗಳ ಬಾಯನ್ನೂ ನೋಡಿ, ಎಲೆ ಕಸ ತೆಗೆಸಿ, ಗುಳಿ ಬಿದ್ದ ಕಡೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿಸಿ.